ಹಳೇ ಮೀನು, ಹೊಸ ಅಪ್‌ಡೇಟ್

ಮೂವತ್ತು ವರ್ಷ ಬಂದರಿನ ದಕ್ಕೆಯಲ್ಲಿ ಮೀನಿನ ಪೆಟ್ಟಿಗೆಗೆ ಐಸ್ ತುಂಬಿಸಿದವನಿಗೆ ಜಾಗ ಹೊಂದಿಸುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಇಂದಿನ ಬೂತಾಯಿ ಮೀನು ಬಂತೆಂದರೆ ನಿನ್ನೆಯದು ಹೊರಗೆ. ಅಷ್ಟೇ!

ನನ್ನ ಹೆಂಡತಿ ಯಮುನಾ ಮೀನುಗಾರರ ಮನೆಯ ಮಗಳು. ನಮ್ಮಲ್ಲಿ ಹೆಂಗಸರು ಬೋಟು ಹತ್ತಿ ಕಡಲಿಗೆ ಹೋಗುವ ಕ್ರಮವಿಲ್ಲ. ಆದರೆ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ, ಮಗಳು ತಂದುಕೊಟ್ಟ ವಿಡಿಯೊ ಗೇಮ್ ಕನ್ಸೋಲಿನಲ್ಲಿ, ಅವಳು ಎರಡು ವರ್ಷದಿಂದ ಬೋಟು ನಡೆಸುತ್ತಿದ್ದಳು. ಬೋಟಿಗೆ ತನ್ನ ಅಮ್ಮನ ಹೆಸರಿಟ್ಟಿದ್ದಳು. ಮಧ್ಯಾಹ್ನ ಪರದೆ ಎಳೆದರೆ ಗೋಡೆಯ ತುಂಬ ನೀಲಿ ನೀರು ಆಡುತ್ತಿತ್ತು. ಸೋಫಾದಲ್ಲಿ ನಾನು ಅರೆನಿದ್ದೆಯಲ್ಲಿ ತೇಲುತ್ತಿದ್ದೆ, ಅವಳು ಹೆಸರಿಲ್ಲದ ದ್ವೀಪಗಳಿಗೆ ಹೋಗುತ್ತಿದ್ದಳು. ಆಗ ಅವಳ ಮುಖ ಎಷ್ಟು ಚಂದವಿರುತ್ತಿತ್ತೆಂದರೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೊನ್ನೆ ಅವಳು ಬಿಕರ್ನಕಟ್ಟೆಯ ತಂಗಿಮನೆಗೆ ಹೋಗಿದ್ದಾಗ, "ಅಪ್‌ಡೇಟ್‌ಗೆ ಜಾಗ ಸಾಲದು" ಎಂದು ಕನ್ಸೋಲು ಗೋಗರೆಯಿತು. ನಾನಿದ್ದೇನಲ್ಲ! ಹೊಸ ಅಪ್‌ಡೇಟ್ ಬರುವಾಗ ಹಳೇ ಗೇಮ್ ಯಾಕೆ? ಅದನ್ನು ಶಾಸ್ತ್ರೋಕ್ತವಾಗಿ ವಿಸರ್ಜಿಸಿದೆ. ಅಪ್‌ಡೇಟ್ ಇಳಿಯಿತು, ತೆರೆಯಲಿಲ್ಲ. ಮೂಲ ಗೇಮ್ ಬೇಕಂತೆ! ಅದನ್ನು ಮತ್ತೆ ಇಳಿಸಲು ಪುನಃ ಜಾಗವಿಲ್ಲ. ಹಳೇ ಪುಡಿ ಫೈಲುಗಳನ್ನೆಲ್ಲ ಗುಡಿಸತೊಡಗಿದೆ. "ಸೇವ್ ಡೇಟಾ" ಎಂಬ ಫೈಲಿನ ಬಳಿ ಬಂದಾಗ ಕನ್ಸೋಲು "ಖಚಿತವೇ?" ಎಂದು ಎರಡು ಸಲ ಕೇಳಿತು. ಎರಡು ಸಲವೂ ಹೌದೆಂದೆ.

ಗೇಮ್ ತೆರೆಯಿತು. ಬೋಟಿಲ್ಲ! ದ್ವೀಪಗಳಿಲ್ಲ! "ನಿಮ್ಮ ಹೆಸರೇನು?" ಎಂದು ಅಪರಿಚಿತನಂತೆ ಕೇಳಿತು.

ಪಂಪ್‌ವೆಲ್‌ನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಪಕ್ಕದ ಮನೆಯ ಹಮೀದ್ ನನ್ನ ಕೂಗಿಗೆ ಓಡಿ ಬಂದ.

"ಎಂತ ಮಾಡಿದ್ದು ಮಾರಾಯ್ರೆ? ಗೇಮ್ ಅಂದ್ರೆ ಬೋಟು. ಅಪ್‌ಡೇಟ್ ಅಂದ್ರೆ ಅದಕ್ಕೆ ಹೊಡೆಯುವ ಹೊಸ ಹಲಗೆ. ಸೇವ್ ಡೇಟಾ ಅಂದ್ರೆ ಅಕ್ಕ ಇಷ್ಟು ದಿನ ಹೋಗಿ ಬಂದದ್ದು!"

"ಬೇರೆ ಕಾಪಿ ಉಂಟಾ?"

"ಇಲ್ಲ."

ಸಂಜೆ ಬಂದ ಯಮುನಾಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಖಾಲಿ ಕಡಲನ್ನೇ ನೋಡುತ್ತ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು, ನನಗೇ ಅಳು ಬಂತು.

"ದಾರಿ ನನಗೆ ನೆನಪುಂಟು," ಎಂದಳು ಕೊನೆಗೆ. "ಪುನಃ ಹೋಗ್ತೇನೆ."

"ನಾನೂ ಬರ್ತೇನೆ. ಇನ್ನೊಂದು ರಿಮೋಟ್ ಉಂಟಲ್ಲ?"

"ಬನ್ನಿ. ಆದ್ರೆ ಬೋಟು ಹತ್ಲಿಕ್ಕಿಲ್ಲ."

ಈಗ ಪ್ರತಿ ಮಧ್ಯಾಹ್ನ ಅವಳು ಆ ನೀಲಿಯಲ್ಲಿ ಚುಕ್ಕೆಯಾಗುವವರೆಗೆ ನಾನು ದಡದಲ್ಲಿ ನಿಂತು ಕೈಬೀಸುತ್ತೇನೆ. ಕೈಬೀಸಲು ಇರುವುದು ಒಂದೇ ಬಟನ್. ಬೇರೆ ಯಾವುದನ್ನೂ ಮುಟ್ಟಬಾರದೆಂದು ಕ್ಯಾಪ್ಟನ್‌ರ ಅಪ್ಪಣೆಯಾಗಿದೆ!