ಎಂಟು ದಿನ ಬಿಟ್ಟು ಬರ್ರಿ

ನಮ್ಮ ಕಾಕಾ ಒಮ್ಮೆ ಇಡೀ ಭಾರತವನ್ನು ಜಾಲಾಡಲು ಹೊರಟರು. ಮುಂಡರಗಿ ಮುಟ್ಟುವಷ್ಟರಲ್ಲಿ ಸುಸ್ತಾದರು, ಆ ಮಾತು ಬೇರೆ.

ಕಾಕಾ ಗದಗಿನ ಒಂದು ಸಣ್ಣ ಹತ್ತಿ ಸಂಶೋಧನಾ ಕೇಂದ್ರದ ಮುಖ್ಯಸ್ಥರು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಒಂದು ಹೊಸ ಹತ್ತಿ ತಳಿ ಬೆಳೆಸಿದ್ದರು. ಅದರ ಎಳೆ ಎಷ್ಟು ಗಟ್ಟಿ ಎಂದು ಅಳೆದು ತೋರಿಸದಿದ್ದರೆ ಗಿರಣಿಯವರು ಅದನ್ನು ಮೂಸಿಯೂ ನೋಡುವಂತಿರಲಿಲ್ಲ. ಅಳೆಯುವ ಯಂತ್ರವೋ ವಿಲಾಯತಿಯದು. ಎಪ್ಪತ್ತರ ದಶಕದಲ್ಲಿ ಯಂತ್ರದ ಬೆಲೆಗಿಂತ ಆಮದು ಸುಂಕಕ್ಕೇ ಹೆಚ್ಚು ಹೆದರಬೇಕಿತ್ತು. ಸಂಶೋಧನಾ ಸಂಸ್ಥೆಗಳಿಗೆ ಸುಂಕ ಮಾಫಿ ಇತ್ತು, ನಿಜ. ಆದರೆ 'ಇಂಥ ಯಂತ್ರ ಭಾರತದಲ್ಲಿ ತಯಾರಾಗುವುದಿಲ್ಲ' ಎಂದು ಮುಖ್ಯಸ್ಥರು ಬರೆದು, ಸಹಿ ಮಾಡಿ ದಿಲ್ಲಿಗೆ ಕಳಿಸಬೇಕು. ಉಳಿದವರು ಚಹಾ ಆರುವುದರೊಳಗೆ ಮಾಡಿ ಮುಗಿಸುವ ಸಹಿ ಅದು.

"ನೋಡದ ಹೆಂಗ ಬರೀಲಿ?" ಎಂದರು ಕಾಕಾ.

"ಭಾರತ ಪೂರಾ ನೋಡಿ ಬರ್ತೀರೇನು?" ಎಂದರು ಅವರ ಹೆಂಡತಿ, ನಮ್ಮ ಕಾಕು.

"ಹತ್ತರದಿಂದ ಸುರು ಮಾಡೂದು."

ಯಂತ್ರದ ಚಿತ್ರವನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದರು. ಆಗಷ್ಟೇ ಪತ್ರಿಕೆಗೆ ಸೇರಿದ್ದ ನಾನು ಸುದ್ದಿ ಸಿಕ್ಕೀತೆಂದು ಜೊತೆಗೆ ಹೋದೆ.

ಕಾಕಾ ಒಂದು ವಿಷಯ ಮರೆತಿದ್ದರು. ನಮ್ಮ ಕಡೆ ಪೇಟೆಯಲ್ಲಿ ಕೂತ ಯಾವ ಕಸುಬುದಾರನೂ 'ಆಗುವುದಿಲ್ಲ' ಎಂದು ಹೇಳುವುದಿಲ್ಲ. ಆಗದ ಕೆಲಸಕ್ಕೆ ಅವನು ಹೇಳುವುದು 'ಎಂಟು ದಿನ ಬಿಟ್ಟು ಬರ್ರಿ' ಎಂದು!

ಲಕ್ಷ್ಮೇಶ್ವರದ ಗಡಿಯಾರ ರಿಪೇರಿಯವರು ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ ಎಂಟು ದಿನ ಕೇಳಿದರು. ಶಿರಹಟ್ಟಿಯ ಕಮ್ಮಾರರು, "ಒಂದು ಸಾಕೋ, ಜೋಡಿ ಬೇಕೋ?" ಎಂದರು. ಮುಂಡರಗಿಯ ಬಡಿಗರು ಮಾತ್ರ ಸ್ವಲ್ಪ ಯೋಚಿಸಿದರು.

"ಎಳಿ ಹರಿಯಾಕ ಯಂತ್ರ ಯಾಕ್ರಿ ಸಾಹೇಬ್ರ? ನಮ್ಮ ಮನ್ಯಾಗ ಹುಡುಗ್ರು ಅದಾವು, ಕಂಬಳಿನ ಹರೀತಾವು. ಆತು, ಮಾಡಿಕೊಡೂಣು. ಸಾಗವಾನಿದಾದ್ರ ಬಾಳಿಕಿ ಬರತೈತಿ."

ಈ ಮೂವರನ್ನು ಕಾಕಾ ಹೇಗೋ ಲೆಕ್ಕದಿಂದ ಕೈಬಿಟ್ಟರು. ಬೆಟಗೇರಿಯ ಉಸ್ತಾದರನ್ನು ಬಿಡುವುದು ಹೇಗೆ? ಮಗ್ಗದ ಬಿಡಿಭಾಗ ಮಾಡುವ ಅವರು ಶಾಲೆಯಲ್ಲಿ ಕಾಕಾರ ಜೊತೆ ಒಂದೇ ಬೆಂಚಿನ ಮೇಲೆ ಕೂತವರು. ಚಿತ್ರ ನೋಡಿದ್ದೇ ತಡ, ಕಬ್ಬಿಣ ಕೊಯ್ಯಲು ಕೂತುಬಿಟ್ಟರು.

ಎಂಟು ದಿನ ತಿಂಗಳುಗಳಾದವು. ಹಳೆಯ ದರಕ್ಕೆ ಯಂತ್ರ ಕೊಡಲು ವಿಲಾಯತಿ ಕಂಪನಿ ಹಾಕಿದ್ದ ಗಡುವು ಸಮೀಪಿಸಿತು. ಅದು ದಾಟಿದರೆ ಯಂತ್ರವೂ ಇಲ್ಲ, ಕಾಕಾರ ತಳಿಗೆ ಗತಿಯೂ ಇಲ್ಲ.

"ಸಹಿ ಒಗೀರಿ ಇನ್ನ," ಎಂದರು ಕಾಕು.

"ಅಂವ ಮಾಡಾಕತ್ಯಾನ. ತಯಾರಾಗೂದಿಲ್ಲ ಅಂತ ಬರದ್ರ ಸುಳ್ಳ ಆಗೂದಿಲ್ಲೇನು?"

ಕಡೆಗೂ ಉಸ್ತಾದರ ಯಂತ್ರ ಸಿದ್ಧವಾಯಿತು. ಹತ್ತಿಯ ಎಳೆ ಸಿಕ್ಕಿಸಿ ಹಿಡಿಕೆ ತಿರುವಿದರು. ಎಳೆ ಹರಿಯಿತು, ಅಳತೆ ತೋರಿಸುವ ಮುಳ್ಳು ಕದಲಲಿಲ್ಲ. ನೂಲು ಸಿಕ್ಕಿಸಿದರು. ಹರಿಯಿತು, ಮುಳ್ಳಿಗೆ ಖಬರೇ ಇಲ್ಲ. ಸೆಣಬಿನ ಹಗ್ಗ ಕಟ್ಟಿದರು. ಅದೂ ಹರಿಯಿತು.

"ಹರಿಯೂದು ಛಲೋ ಹರೀತೈತಿ," ಎಂದರು ಕಾಕಾ, ಗಂಭೀರವಾಗಿ.

ಗಡುವಿನ ಹಿಂದಿನ ದಿನ ಉಸ್ತಾದರೇ ಮನೆಗೆ ಬಂದರು. ಕೈಯಲ್ಲಿ ಎಣ್ಣೆ ಮೆತ್ತಿದ ಚಿತ್ರ.

"ಬರಿ ಲೇ. ನನ್ನ ಕಡಿಂದ ಆಗೂದಿಲ್ಲ."

"ಇನ್ನೊಂದು ಎಂಟು ದಿನ ತಗೋ."

"ಎಂಟು ವರ್ಷ ಕೊಟ್ರೂ ಆಗೂದಿಲ್ಲ. ಬರಿ."

ಒಳಗೆ ಕಾಕು ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾ ತಲೆ ಎತ್ತದೆ ಸಹಿ ಮಾಡಿದರು.

ಮುಂದಿನ ವರ್ಷ ಸುಂಕವಿಲ್ಲದೆ ಯಂತ್ರ ಬಂತು. ಸಹಿಯಾದ ದಿನದಿಂದ ಉಸ್ತಾದರು ನಮ್ಮ ಮನೆ ಕಡೆ ಸುಳಿದಿರಲಿಲ್ಲ. ಕಾಕಾ ಬೆಟಗೇರಿಗೆ ಹೋಗಿ, ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕೇಂದ್ರಕ್ಕೆ ಬಂದರು. ತಮ್ಮ ಹತ್ತಿಯ ಎಳೆ ಸಿಕ್ಕಿಸಿ, "ನೀ ತಿರುವು," ಎಂದರು.

ಉಸ್ತಾದರು ತಿರುವಿದರು. ಎಳೆ ಬಿಗಿಯಿತು, ಮುಳ್ಳು ನಡುಗುತ್ತ ಮೇಲೇರಿತು, ಎಳೆ ಹರಿದಲ್ಲಿಗೆ ನಿಂತಿತು. ಉಸ್ತಾದರು ಬಗ್ಗಿ ಮುಳ್ಳಿನ ಬುಡದ ಸ್ಪ್ರಿಂಗನ್ನು ಬಹಳ ಹೊತ್ತು ನೋಡಿ, ಯಂತ್ರಕ್ಕೇ ಹೇಳಿದರು: "ಹಿಂಗೇನಲೇ ಮಗನ!" ಆಮೇಲೆ ನಗತೊಡಗಿದರು.

ಕಾಕಾ ಅವರ ಮುಖವನ್ನೇ ನೋಡುತ್ತಿದ್ದರು. ಮುಳ್ಳು ಎಷ್ಟಕ್ಕೆ ನಿಂತಿತ್ತೆಂದು ಕೊನೆಗೆ ನನ್ನನ್ನು ಕೇಳಿದರು.