ಅಲುಗಾಡಬೇಡಿ, ಸ್ಟ್ಯಾಕಿಂಗ್ ನಡೀತಿದೆ

ಕ್ಯಾಮೆರಾ ಹಿಡಿದ ನಾಲ್ಕು ಜನ ಒಂದು ಕಡೆ ಸೇರಿದರೆ ಫೋಟೋಗಿಂತ ಫಜೀತಿಯೇ ಜಾಸ್ತಿ. ನಮ್ಮ ಅರಸೀಕೆರೆಯ ಫೋಟೋ ಬಳಗದಲ್ಲಂತೂ ಯಾವ ಭಾನುವಾರವೂ ಸುಮ್ಮನೆ ಹೋದದ್ದಿಲ್ಲ. ನಾನು ರೈಲ್ವೆಯಲ್ಲಿ ಟಿಕೆಟ್ ಕೊಡೋನು, ಬಳಗಕ್ಕೆ ಸಂಚಾಲಕ. ಸಂಚಾಲಕ ಅಂದರೆ ಯಾರ ಫೋಟೋ ಬಂದರೂ ಮೊದಲು ಬಾಯಿ ಬಿಡಬೇಕಾದ ನತದೃಷ್ಟ.

೧. ಮೊದಲು ಮೆಚ್ಚುಗೆ

ಮೊದಮೊದಲು ನಮ್ಮ ಮನೆಯಲ್ಲೇ ಸೇರುತ್ತಿದ್ದೆವು. "ನಿಮ್ಮ ಹುಳ ಹುಪ್ಪಟೆನೆಲ್ಲ ನನ್ನ ಟೀವೀಲಿ ತೋರಿಸ್ಬೇಡಿ, ಊಟ ಸೇರಲ್ಲ" ಅಂತ ನನ್ನ ಹೆಂಡತಿ ಒಂದು ದಿನ ಎಲ್ಲರನ್ನೂ ಎಬ್ಬಿಸಿದಳು. ಆಗ ಕೈ ಹಿಡಿದವರು ಕೊಬ್ಬರಿ ಮಂಡಿ ಸಾಹುಕಾರರು. ಮಂಡಿಯ ಮಹಡಿ ಕೋಣೆ, ದೊಡ್ಡ ಟೀವಿ, ಕಾಫಿ, ತಟ್ಟೆ ಇಡ್ಲಿ ಎಲ್ಲ ಅವರದೇ. ತೊಂದರೆ ಒಂದೇ, ಅವರೂ ಫೋಟೋ ತೆಗೀತಿದ್ದರು.

ಅದೇ ಕೋಣೆಯನ್ನು ಹಿಂದೆ ಭಜನೆಯವರಿಗೆ ಕೊಟ್ಟಿದ್ದರಂತೆ. ಸಾಹುಕಾರರ ಶ್ರುತಿ ಸರಿಯಿಲ್ಲ ಅಂತ ಯಾರೋ ಬಾಯಿ ತಪ್ಪಿ ಅಂದರು. ಮಾರನೇ ದಿನ ಕೋಣೆ ತುಂಬ ಕೊಬ್ಬರಿ ಚೀಲ!

ನಮಗೆ ಬೇರೆ ಜಾಗ ಇರಲಿಲ್ಲ. ಅದಕ್ಕೇ ಒಂದು ನಿಯಮ ಮಾಡಿದೆವು: ಮೊದಲು ಫೋಟೋದ ಒಳ್ಳೇದು, ಆಮೇಲೆ ಕೊರತೆ, ಕೊನೆಗೆ ಸಲಹೆ.

ಸಾಹುಕಾರರು ಬೇಲೂರಿನ ಶಿಲಾಬಾಲಿಕೆಯ ಫೋಟೋ ತಂದರು. ಟೀವಿ ಪೂರ್ತಿ ಕಗ್ಗತ್ತಲು. ಎಲ್ಲರೂ ನನ್ನ ಮುಖ ನೋಡಿದರು.

"ಕಪ್ಪು ಬಣ್ಣ ಬಹಳ ಚೆನ್ನಾಗಿ ಬಂದಿದೆ ಸಾಹುಕಾರ್ರೇ," ಅಂದೆ. "ಬೇರೆ ಬಣ್ಣಕ್ಕೂ ಸ್ವಲ್ಪ ಅವಕಾಶ ಕೊಡಬಹುದಿತ್ತು."

ಅವರಿಗೆ ಖುಷಿಯೋ ಖುಷಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗಾಜಿನ ಕಟ್ಟು ಮಾಡಿಸಿ ಮಂಡಿಯಲ್ಲಿ ತೂಗುಹಾಕಿದರು. ಕೊಬ್ಬರಿ ತಂದ ರೈತರು ಈಗ ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋತಾರೆ.

೨. ದುಂಬಿಯ ಪಾಡು

ಬಳಗಕ್ಕೆ ಫೋಕಸ್ ಸ್ಟ್ಯಾಕಿಂಗ್ ಹುಚ್ಚು ಹತ್ತಿಸಿದವರು ಒಬ್ಬರು ಹೈಸ್ಕೂಲ್ ಮೇಷ್ಟ್ರು. ತೀರಾ ಹತ್ತಿರದಿಂದ ಫೋಟೋ ತೆಗೆದರೆ ಮೂಗು ಸ್ಪಷ್ಟವಾದಾಗ ಕಿವಿ ಮಸುಕು. ಅದಕ್ಕೇ ಮೂಗಿಗೊಂದು, ಕಣ್ಣಿಗೊಂದು, ಕಿವಿಗೊಂದು ಅಂತ ಫೋಕಸ್ ಬದಲಾಯಿಸುತ್ತ ಹಲವು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಸ್ಪಷ್ಟ ಭಾಗಗಳನ್ನಷ್ಟೇ ಸೇರಿಸಿ ಒಂದೇ ಫೋಟೋ ಮಾಡೋದು. ಅಷ್ಟು ಹೊತ್ತೂ ಯಾರೂ ಅಲುಗಾಡಬಾರದು.

ಮೇಷ್ಟ್ರು ಬಾಣಾವರದ ಕಡೆ ಒಂದು ತೋಟಕ್ಕೆ ಹೋಗಿ, ತೆಂಗಿನ ಸಸಿ ಮೇಲೆ ಕೂತ ಕೊಂಬಿನ ದುಂಬಿಗೆ ಕ್ಯಾಮೆರಾ ಹೂಡಿದರು. ತೋಟದವನು ಬಂದ.

"ಏನ್ ಸಾರ್ ಅದು?"

"ಶ್ಶ್! ಅಲುಗಾಡಬೇಡಪ್ಪ, ಇನ್ನೂ ಸುಮಾರು ಫೋಟೋ ತೆಗೀಬೇಕು."

ಅವನು ಬಗ್ಗಿ ನೋಡಿದ. "ಅಲ್ಲಾ ಸಾರ್, ನನ್ನ ಸುಳಿ ತಿನ್ನೋ ಮುಂಡೇದು ಇದು! ನಿಮ್ಮ ಫೋಟೋ ಮುಗಿಯೋಗಂಟ ಇದಕ್ಕೆ ಊಟ ಹಾಕ್ಲಾ?" ಅಂದವನೇ ಕಾಲಿನ ಕಡೆ ಕೈ ಹಾಕಿದ.

ಭಾನುವಾರ ಆ ಫೋಟೋ ಟೀವಿ ಮೇಲೆ ಬಂತು. ನಿಯಮದಂತೆ ಒಳ್ಳೇದು ಹೇಳಲೇಬೇಕಿತ್ತು. "ಮೇಷ್ಟ್ರೇ, ಚಪ್ಪಲಿಯ ಹೊಲಿಗೆ ಸಮೇತ ಕಾಣ್ತಿದೆ" ಅಂದೆ.

೩. ಹಳೇಬೀಡಿನ ದೇವಿ

ಮೇಷ್ಟ್ರನ್ನು ನೋಡಿ ಸಾಹುಕಾರರಿಗೂ ಆಸೆ ಹುಟ್ಟಿತು. ಮನೆಯವರನ್ನು ಕಾರಲ್ಲಿ ಕೂರಿಸಿಕೊಂಡು ಹಳೇಬೀಡಿಗೆ ಹೊರಟರು. ಮುಂದೆ ಹೆಂಡತಿ, ಹಿಂದೆ ಗೋಡೆಯ ಶಿಲ್ಪ, ಎರಡೂ ಸ್ಪಷ್ಟ ಬರಬೇಕು ಅಂತ ಅವರ ಲೆಕ್ಕ. ಕ್ಯಾಮೆರಾ ಸ್ಟ್ಯಾಂಡನ್ನು ಕಾವಲುಗಾರ ಒಳಗೆ ಬಿಡಲಿಲ್ಲ, ಕ್ಯಾಮೆರಾನ ಕಟ್ಟೆ ಮೇಲಿಟ್ಟು ಶುರು ಮಾಡಿದರು. ಒಂದೊಂದು ಫೋಟೋಕ್ಕೂ ಕನ್ನಡಕ ಹಾಕಿ, ತೆಗೆದು, ಒರೆಸಿ. ಆ ಬಿಸಿಲಲ್ಲಿ ಅಷ್ಟು ಹೊತ್ತು ಅಲುಗಾಡದೇ ಯಾರು ತಾನೇ ನಿಂತಾರು?

ಭಾನುವಾರ ಎಲ್ಲ ಸೇರಿಸಿದ ಫೋಟೋ ಟೀವಿಗೆ ಬಂತು. ಅಮ್ಮಾವ್ರಿಗೆ ಆರು ಕೈ! ಒಂದು ಕೈಲಿ ಸೆರಗು, ಒಂದರಲ್ಲಿ ನೀರಿನ ಬಾಟಲಿ, ಒಂದರಲ್ಲಿ ಮೊಬೈಲು. ಒಂದು ಬಿಸಿಲಿಗೆ ಅಡ್ಡ, ಒಂದು ನೊಣ ಓಡಿಸಲು, ಇನ್ನೊಂದು ಸಾಹುಕಾರರ ಕಡೆ ಬೆರಳು ಮಾಡಿ ಬೈಯುತ್ತಿತ್ತು. ಹಿಂದಿನ ಶಿಲ್ಪದ ದೇವಿಗೇ ಅಷ್ಟು ಕೈ ಇರಲಿಲ್ಲ.

ಸಾಲದ್ದಕ್ಕೆ ಅಮ್ಮಾವ್ರೇ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೇಷ್ಟ್ರು ಛಾವಣಿ ನೋಡಿದರು. ನನ್ನ ಕಣ್ಣ ಮುಂದೆ ಬರೀ ಕೊಬ್ಬರಿ ಚೀಲ.

"ಏನ್ರೀ ಸಂಚಾಲಕರೇ, ಸುಮ್ನಾಗ್ಬಿಟ್ರಿ?" ಅಂದರು ಸಾಹುಕಾರರು. "ಏನಾಗೈತೆ ಹೇಳಿ."

"ಅಲುಗಾಡದೇ ಇರೋದು ಸ್ಪಷ್ಟವಾಗಿ ಬಂದಿದೆ..." ಅಂತ ತೊದಲಿದೆ.

"ನಾನು ಹೇಳ್ಲಾ ಸಾರ್?" ಅಂದರು ಅಮ್ಮಾವ್ರು. "ಮೊದ್ಲು ಒಳ್ಳೇದು ಹೇಳ್ಬೇಕು, ಅಲ್ವಾ? ಮನೇಲಿ ನಾನು ಎಷ್ಟು ಕೈಲಿ ಕೆಲ್ಸ ಮಾಡ್ತೀನಿ ಅಂತ ಇವರಿಗೆ ಈಗಲಾದ್ರೂ ಕಾಣಿಸ್ತು. ಕೊರತೆ ಅಂದ್ರೆ, ಆರು ಸಾಲಲ್ಲ. ಇನ್ನು ಸಲಹೆ. ಅಲುಗಾಡದೇ ಇರೋರು ಚೆನ್ನಾಗಿ ಬರ್ತಾರೆ ಅಂದ್ರಲ್ಲ? ಮುಂದಿನ ಸಲ ಇವರನ್ನೇ ಕೂರಿಸಿ ತೆಗೀರಿ. ಸೋಫಾ ಮೇಲೆ ಕೂತ್ರು ಅಂದ್ರೆ ನೂರು ಫೋಟೋ ತೆಗೆದ್ರೂ ಒಂದು ಕೈ ಆಡಿಸಲ್ಲ."

ಸಾಹುಕಾರರು ಟೀವಿ ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಕುರ್ಚಿ ಸಮೇತ ಕುಲುಕಿ ಕುಲುಕಿ ನಗೋಕೆ ಶುರು ಮಾಡಿದರು. ಅಬ್ಬಾ, ಕೋಣೆ ಉಳೀತು! ನಗುತ್ತಲೇ ಎದ್ದು ಕಾಫಿ ತಟ್ಟೆ ಇಸ್ಕೊಳ್ಳೋಕೆ ಕೈ ಚಾಚಿದರು.

ಅಮ್ಮಾವ್ರು ತಟ್ಟೆ ಹಿಂದಕ್ಕೆಳೆದುಕೊಂಡು ಅಂದರು:

"ರೀ, ಅಲುಗಾಡಬೇಡಿ! ಫೋಟೋ ಕೆಟ್ಟೋಗುತ್ತೆ."