ನಮ್ಮ ಮಲಗುವ ಕೋಣೆಯ ಬಾಗಿಲನ್ನು ಹಿಂದಿರುಗಿಸುವ ಬಗ್ಗೆ

ಬಡಗಿಗಳಲ್ಲಿ ಅಗ್ರಗಣ್ಯರೂ, ಮೃದುಭಾಷಿಗಳೂ, ಕಾಲದ ವಿಷಯದಲ್ಲಿ ಮಹಾ ಉದಾರಿಗಳೂ ಆದ ತಮಗೆ ಮೂರನೆಯ ಮಹಡಿಯ ಎಡಗಡೆ ಮನೆಯವನು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಕೀಸುಳಿ, ಗರಗಸಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಎಪ್ಪತ್ತೊಂದು ದಿನಗಳಿಂದ ಬಾಗಿಲಿಲ್ಲದ ಕೋಣೆಯಲ್ಲಿ ಮಲಗಿ ಏಳುತ್ತಿರುವವನಿಗೆ ಏನನ್ನಾದರೂ ಮುಚ್ಚಿ ಮಾಡುವ ಅಭ್ಯಾಸವೇ ತಪ್ಪಿಹೋಗಿದೆ.

ಕೋರ್ಟಿಗೆ ಹೋಗುವ ಉದ್ದೇಶ ನನಗಿಲ್ಲ. ವಕೀಲರಾಗಿರುವ ನನ್ನ ಷಡ್ಡಕರು, ಒಂದು ಬಾಗಿಲಿಗೆ ದಾವೆ ಹೂಡಿದರೆ ತೀರ್ಪು ಬರುವ ಹೊತ್ತಿಗೆ ಅದು ಚಿಗುರಿ ಮತ್ತೆ ಮರವಾಗಿರುತ್ತದೆ ಎಂದು ನಕ್ಕು, "ಮೊದಲು ಒಂದು ಬೇಡಿಕೆ ಪತ್ರ ಬರೀರಿ. ನಡೆದಿದ್ದನ್ನ ತಾರೀಕು ಹಾಕಿ ಬರೀರಿ, ಏನು ಬೇಕು ಅಂತ ಕೇಳಿ, ಗಡುವು ಕೊಡಿ, ಒಂದು ಪ್ರತಿ ಇಟ್ಕೊಳ್ಳಿ. ಸಿಟ್ಟು ಮಾತ್ರ ಬೇಡ" ಎಂದು ಸಲಹೆ ಕೊಟ್ಟಿದ್ದಾರೆ. ಆದ್ದರಿಂದ ಮುಂದಿನ ಸಾಲುಗಳಲ್ಲಿ ತಮಗೆಲ್ಲಿಯಾದರೂ ಸಿಟ್ಟು ಕಂಡರೆ ಅದನ್ನು ಗೌರವವೆಂದು ಓದಿಕೊಳ್ಳಬೇಕು.

ಜೂನ್ ನಾಲ್ಕರಂದು, ನೆಲಕ್ಕೆ ತಾಗಿ ಕಿರುಗುಟ್ಟುತ್ತಿದ್ದ ನಮ್ಮ ಬಾಗಿಲನ್ನು ನೋಡಲು ಬಂದ ತಾವು, "ಅಡೀಲಿ ಒಂಚೂರು ಕೀಸಿದ್ರೆ ಸಾಕು ಸಾರ್, ಸಂಜೆಗೆ ತಂದು ಕೂರಿಸ್ತೀನಿ" ಎಂದು ಹೇಳಿ, ಕೀಲು ಬಿಚ್ಚಿ, ಅದನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದಿರಿ. ಅದು ಯಾವ ಸಂಜೆ ಎಂದು ಕೇಳದೇ ಇದ್ದದ್ದು ನನ್ನ ತಪ್ಪು. ಜುಲೈ ಹತ್ತರಂದು ತಮ್ಮ ಅಂಗಡಿಗೆ ಬಂದಾಗ ನಮ್ಮ ಬಾಗಿಲು ಎರಡು ಮರದ ಸ್ಟ್ಯಾಂಡುಗಳ ಮೇಲೆ ಅಡ್ಡ ಮಲಗಿ, ತಮ್ಮ ಕೆಲಸದ ಮೇಜಾಗಿ, ತನ್ನ ಮೇಲೆ ಇನ್ಯಾರದೋ ಬಾಗಿಲನ್ನು ಹೊತ್ತು, ಅದನ್ನು ಕೀಸಲು ಬೆನ್ನು ಕೊಟ್ಟಿತ್ತು. ನಮ್ಮದೇ ಎಂದು ಗೊತ್ತಾದದ್ದು ಚಿಲಕದಿಂದ. ಅದಕ್ಕೆ ತಾವು ಕೈ ಒರೆಸುವ ಬಟ್ಟೆ ನೇತುಹಾಕಿದ್ದಿರಿ. ನಾನು ಬಾಯಿ ತೆರೆಯುವ ಮೊದಲೇ ಅದರ ಬೆನ್ನು ತಟ್ಟಿ, "ಇಂಥ ಮರ ಈಗೆಲ್ಲಿ ಸಿಗತ್ತೆ ಸಾರ್! ಎಷ್ಟು ಬಡಿದ್ರೂ ಜಪ್ಪಯ್ಯ ಅನ್ನಲ್ಲ" ಎಂದಿರಿ. ನಮ್ಮ ಮನೆಯ ವಸ್ತುವೊಂದನ್ನು ಪರರು ಹೀಗೆ ಹೊಗಳಿದ್ದು ಅದೇ ಮೊದಲು. ಹೆಮ್ಮೆಯಿಂದ ಬರಿಗೈಯಲ್ಲಿ ವಾಪಸಾದೆ.

ತಮ್ಮಿಂದಾದ ಉಪಕಾರವನ್ನು ಮರೆಮಾಚಲಾರೆ. ಹದಿನೆಂಟು ವರ್ಷಗಳಿಂದ ನಾನೂ ನನ್ನ ಹೆಂಡತಿಯೂ ಮುಚ್ಚಿದ ಬಾಗಿಲಿನ ಹಿಂದೆ ಮಾಡುತ್ತಾ ಬಂದ ಜಗಳ ನಿಂತುಹೋಗಿದೆ. ಜಗಳವಾಡುತ್ತಿದ್ದದ್ದು ನಾವೋ ಬಾಗಿಲೋ ಎಂದು ಈಗ ಅನುಮಾನ. ಪರದೆ ಕಟ್ಟಿ ನೋಡಿದೆವು. ಪರದೆಗೆ ಮಾತು ತಡೆಯುವ ಶಕ್ತಿಯಿಲ್ಲ, ಅದರ ಹಿಂದೆ ನಿಂತವರ ಮೇಲೆ ಸಂಶಯ ಹುಟ್ಟಿಸುವ ಶಕ್ತಿ ಮಾತ್ರ ಇದೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಜುಲೈ ಇಪ್ಪತ್ತೆಂಟರಂದು ನಮ್ಮ ತಂದೆಯವರ ಹೊಟ್ಟೆಯ ಪರೀಕ್ಷೆಯ ವರದಿ ಬಂತು. ಆಪರೇಷನ್ ಮಾಡಿಸಬಹುದು, ವಯಸ್ಸು ಎಪ್ಪತ್ತೆಂಟಾದ್ದರಿಂದ ಮಾಡಿಸದೆಯೂ ಇರಬಹುದು, ನೀವಿಬ್ಬರೂ ಮಾತಾಡಿ, ಅವರಿಗೆ ಎಷ್ಟು ಹೇಳಬೇಕೋ ನೋಡಿಕೊಂಡು, ಆಗಸ್ಟ್ ಮೂವತ್ತರೊಳಗೆ ತಿಳಿಸಿ ಎಂದು ಡಾಕ್ಟರು ಹೇಳಿದರು. ಮಾತಾಡುವುದೆಲ್ಲಿ? ತಂದೆಯವರ ಕುರ್ಚಿ ನಮ್ಮ ಚೌಕಟ್ಟಿನಿಂದ ನೆಟ್ಟಗೆ ಆರು ಹೆಜ್ಜೆ. ಅವರ ಕಣ್ಣು ಮಂದವಾದರೂ ಕಿವಿ ಚುರುಕು. ಮೆಟ್ಟಿಲ ಮೇಲೆ ನಿಂತು ಶುರುಮಾಡಿದರೆ ಎದುರು ಮನೆಯ ನಿವೃತ್ತ ಮೇಷ್ಟ್ರು ಬಂದು, "ಏನು, ಗಂಡ ಹೆಂಡ್ತಿ ಇಬ್ರೂ ಮನೆಯಿಂದ ಹೊರಗೆ? ಮುದುಕಪ್ಪ ಓಡಿಸಿದ್ನಾ?" ಎಂದು ಅವರೂ ಒಂದು ಮೆಟ್ಟಿಲು ಹಿಡಿದು ಕೂತರು. ನಾನು ಕೋಣೆಯಲ್ಲಿ, ಅವಳು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಬರೆದು ಕಳಿಸಿಕೊಂಡೆವು. "ಹೇಳೋಣವೇ?" ಎಂದು ಟೈಪು ಮಾಡಿದೆ, "ಬಾಗಿಲು ಬರಲಿ" ಎಂದು ಉತ್ತರ ಬಂತು. ಮಾನ್ಯರೇ, ಹದಿನೇಳು ದಿನಗಳಿಂದ ನಮ್ಮ ಮನೆಯಲ್ಲಿ ಈ ವಿಷಯವಾಗಿ ನಡೆದಿರುವ ಮಾತುಕತೆ ಇಷ್ಟೇ. ಇದರಲ್ಲಿ ತಮ್ಮ ಪಾಲೆಷ್ಟು, ನಮ್ಮ ಅಂಜಿಕೆಯ ಪಾಲೆಷ್ಟು ಎಂದು ವಿಂಗಡಿಸಲು ಹೋಗುವುದಿಲ್ಲ. ಬೇಡಿಕೆ ಪತ್ರದಲ್ಲಿ ತಪ್ಪೆಲ್ಲವೂ ಎದುರು ಪಕ್ಷದ್ದೇ ಆಗಿರಬೇಕಂತೆ.

ಆದಕಾರಣ, ಇಂದು ಆಗಸ್ಟ್ ಹದಿನಾಲ್ಕು, ಹದಿನೈದು ದಿನಗಳೊಳಗೆ ತಾವು ಬಾಗಿಲನ್ನು ಕೀಸಿಯೋ ಕೀಸದೆಯೋ ತಂದು ಕೂರಿಸಬೇಕು. ಆಗದಿದ್ದಲ್ಲಿ, ತಮ್ಮ ಕೆಲಸಕ್ಕೆ ಭಂಗ ಬಾರದಂತೆ, ದಿನಕ್ಕೆ ಅರ್ಧ ಗಂಟೆ ಎರವಲು ಕೊಡಬೇಕು. ಅದೂ ಆಗದಿದ್ದಲ್ಲಿ ತಾವೇ ಬಂದು ನಮ್ಮ ಚೌಕಟ್ಟಿನಲ್ಲಿ ಕೈಕಾಲು ಅಗಲಿಸಿ, ನಮಗೆ ಬೆನ್ನು ಹಾಕಿ, ನಾವು ಮಾತು ಮುಗಿಸುವವರೆಗೆ ನಿಂತಿರಬೇಕು. ತಾವು ದಪ್ಪಗಿದ್ದೀರಿ, ಸಂದು ಉಳಿಯದು. ಯಾವುದಕ್ಕೂ ಒಪ್ಪದಿದ್ದರೆ ನನ್ನ ಮುಂದಿನ ಕ್ರಮ ಕಠಿಣವಾಗಿರುತ್ತದೆ: ಮನೆಯ ಉಳಿದ ಬಾಗಿಲುಗಳನ್ನೂ ದುರಸ್ತಿಗೆಂದು ತಮಗೇ ಒಪ್ಪಿಸಿ, ಅಂಗಡಿಯಲ್ಲಿ ತಮಗೆ ಕಾಲಿಡಲು ಜಾಗವಿಲ್ಲದಂತೆ ಮಾಡುತ್ತೇನೆ.

ತಮ್ಮ ವಿಶ್ವಾಸಿ,
ತೆರೆದ ಕೋಣೆಯ ಯಜಮಾನ

ಕೊನೆಯಲ್ಲಿ ಸೇರಿಸಿದ್ದು: ಈ ಪತ್ರವನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ತಂದೆಯವರು ಅದನ್ನು ಭೂತಗನ್ನಡಿ ಹಿಡಿದು ಮೊದಲಿಂದ ಕೊನೆಯವರೆಗೆ ಓದಿದ್ದರು. ನನ್ನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. "ಆಪರೇಷನ್ ಮಾಡಿಸ್ಕೋತೀನಿ ಅಂತ ಡಾಕ್ಟರಿಗೆ ಹೇಳು. ಇದಕ್ಕೆ ಇಷ್ಟುದ್ದ ಬರೀಬೇಕೇನೋ?" ಎಂದು ಗದರಿಸಿ, ಭೂತಗನ್ನಡಿಯನ್ನು ಪತ್ರದ ಮೇಲಿಟ್ಟು, "ಆ ಬಾಗಿಲು ಸದ್ಯಕ್ಕೆ ಬೇಡ. ಆಮೇಲೆ ನಾನು ಇಲ್ಲೇ ಹಾಸಿಗೆ ಹಿಡಿದು ಮಲಗಿರ್ತೀನಲ್ಲ, ನೀವಿಬ್ರೂ ಕಾಣ್ತಿರಬೇಕು" ಎಂದರು. ಆದ್ದರಿಂದ ಮೇಲಿನ ಬೇಡಿಕೆಗಳೆಲ್ಲವನ್ನೂ ಹಿಂತೆಗೆದುಕೊಂಡಿದ್ದೇನೆ. ಅವರು ಎದ್ದು ಓಡಾಡುವವರೆಗೆ ತಾವು ಬಾಗಿಲನ್ನು ಯಾವ ಕಾರಣಕ್ಕೂ ತರಕೂಡದು. ತಂದರೆ ಕೋರ್ಟಿಗೆ ಹೋಗುವುದು ಖಂಡಿತ. ಈ ಷರತ್ತನ್ನಾದರೂ ತಾವು ಚಾಚೂ ತಪ್ಪದೆ ಪಾಲಿಸುವಿರೆಂಬ ನಂಬಿಕೆ ನನಗಿದೆ, ಏಕೆಂದರೆ ಇದಕ್ಕಾಗಿ ತಾವು ಏನನ್ನೂ ಮಾಡಬೇಕಾಗಿಲ್ಲ.